ಗಿಳಿಹಸಿರು ಬಟನ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಎರಡು ದೂರುಗಳು ಒಟ್ಟಿಗೇ ಬಂದವು. ಕೊಟ್ಟವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೆಂಚಿನ ಎರಡು ತುದಿಗೆ ಕುಳಿತಿದ್ದರು. ಒಬ್ಬ ಪೀಠೋಪಕರಣದ ಅಂಗಡಿಯ ಮಾಲೀಕ. ಇನ್ನೊಬ್ಬಳು ಮನೆಯಲ್ಲೇ ಕುಳಿತು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು, ಆನ್‌ಲೈನಿನಲ್ಲಿ ಅವುಗಳ ಪ್ರಚಾರವನ್ನೂ ನೋಡಿಕೊಳ್ಳುವ ಡಿಸೈನರ್. ಲ್ಯಾಪ್‌ಟಾಪನ್ನು ಜ್ವರ ಬಂದ ಮಗುವಿನಂತೆ ಎದೆಗವಚಿಕೊಂಡಿದ್ದಳು.

"ನಿನ್ನೆ ಸೈಟಿನ ಉದ್ಘಾಟನೆ ಮೇಡಂ," ಎಂದ ಮಾಲೀಕ. "ಬೀಗರು, ನೆಂಟರು, ಪಕ್ಕದ ಅಂಗಡಿಯೋರು, ಎಲ್ಲರ ಮುಂದೆ ದೊಡ್ಡ ಪರದೆ ಮೇಲೆ ತೆರೆದೆ. ಸೋಫಾ ಬರಬೇಕಾದ ಕಡೆ ಇದು ಬಂತು. ಮಾನ ಮೂರು ಕಾಸಿಗೆ ಹೋಯ್ತು."

ಅವನ ಫೋನಿನಲ್ಲಿದ್ದ ಚಿತ್ರವನ್ನು ಇನ್ಸ್‌ಪೆಕ್ಟರ್ ನಿಧಾನವಾಗಿ ಓದಿದಳು.

'ಈ ಸೈಟ್ ಮಾಡಿದವಳಿಗೆ ಬಣ್ಣದ ಗಂಧಗಾಳಿ ಇಲ್ಲ. ಮೊದಲು ಗಿಳಿಹಸಿರು ಬಟನ್ ಇಟ್ಟಿದ್ದಳು. ಮರಕ್ಕೆ ಕಂದು ಒಪ್ಪುತ್ತದೆ ಎಂದು ಹೇಳಿಕೊಟ್ಟವರು ಯಾರು, ಕೇಳಿ. ಪರರ ಬುದ್ಧಿ ಮಾರಿ ಬದುಕುವವಳಿಗೆ ಕೆಲಸ ಕೊಡಬೇಡಿ.'

"ಇದೇ ಬರಹ ನನ್ನ ಬೇರೆ ಗಿರಾಕಿಗಳಿಗೂ ಹೋಗಿದೆ," ಎಂದಳು ಡಿಸೈನರ್. "ಬೆಳಿಗ್ಗೆಯಿಂದ ಒಬ್ಬೊಬ್ಬರೇ ಕೆಲಸ ವಾಪಸ್ ತಗೊಳ್ತಿದ್ದಾರೆ. ಹೀಗೇ ಆದ್ರೆ ನಾನು ಅಂಗಡಿ ಮುಚ್ಚಬೇಕು ಮೇಡಂ. ಅಂಗಡಿ ಅಂತ ನನಗಿರೋದು ಒಂದು ಮೇಜು."

"ಯಾರ ಮೇಲೆ ಅನುಮಾನ?"

"ಹಳೇ ಬಾಸ್. 'ನಿನಗೆ ಬಣ್ಣ ಕಲಿಸಿದವನೇ ನಾನು, ಮನೇಲಿ ಕೂತು ಅದೇನು ಕಡಿದು ಕಟ್ಟೆ ಹಾಕ್ತೀಯೋ ನೋಡ್ತೀನಿ' ಅಂದಿದ್ರು."

"ಸೈಟಿನ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ನನಗೊಬ್ಬಳಿಗೇ."

ಎಫ್‌ಐಆರ್ ದಾಖಲಾಯಿತು. ಸೈಟನ್ನು ತನ್ನ ಯಂತ್ರಗಳಲ್ಲಿ ಇರಿಸಿಕೊಂಡಿದ್ದ ಕಂಪನಿಗೆ, ಒಳಗೆ ಹೋದವರ ವಿವರ ಕೊಡುವಂತೆ ಪತ್ರ ಹೋಯಿತು. ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದು ಇನ್ಸ್‌ಪೆಕ್ಟರಿಗೆ ಆಗದ ಮಾತು. ಮಧ್ಯಾಹ್ನವೇ ಹೆಡ್ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಹಳೇ ಬಾಸ್‌ನ ಕಚೇರಿಗೆ ಹೋದಳು.

ಗಾಜಿನ ಕೋಣೆಯ ಆ ಮನುಷ್ಯ ಕುರ್ಚಿಯಿಂದ ಏಳಲಿಲ್ಲ.

"ನಾನು ಯಾಕೆ ಅವಳ ಕೆಲಸ ಕೆಡಿಸಲಿ? ಅವಳೇ ಕೆಡಿಸಿಕೊಳ್ತಾಳೆ. ತಾಳ್ಮೆಯಿಂದ ಕಾಯ್ತಾ ಇದ್ದೀನಿ."

"ಅವಳು ಮೊದಲು ಇಟ್ಟ ಬಟನ್ ಯಾವ ಬಣ್ಣದ್ದು?"

"ಯಾವ ಬಟನ್? ಅಂಗಿಯದಾ?"

ಹೆಡ್ ಕಾನ್‌ಸ್ಟೇಬಲ್ ಮೆಟ್ಟಿಲಿಳಿಯುತ್ತ, "ಈ ಮನುಷ್ಯ ವಿಷಕ್ಕಿಂತ ಕಹಿ ಮೇಡಂ. ಆದ್ರೆ ಬಟನ್ ವಿಷಯದಲ್ಲಿ ಹಸುಗೂಸು," ಎಂದ.

ಇನ್ಸ್‌ಪೆಕ್ಟರ್ ಮಾಲೀಕನಿಗೆ ಫೋನ್ ಮಾಡಿದಳು. ಹಸಿರು ಬಟನ್ ತಾನು ಕಂಡೇ ಇಲ್ಲ, ತೋರಿಸಿದಾಗಲೇ ಕಂದು ಇತ್ತು ಎಂದ. ಡಿಸೈನರ್‌ಳನ್ನು ಕೇಳಿದಳು. "ಒಂದೇ ಒಂದು ಮಧ್ಯಾಹ್ನ ಹಸಿರಿತ್ತು ಮೇಡಂ, ನನ್ನ ಪರದೆ ಮೇಲೆ ಮಾತ್ರ. ಸಂಜೆಗೇ ಬದಲಾಯಿಸಿಬಿಟ್ಟೆ." ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು. ಆ ಮಧ್ಯಾಹ್ನ ಆ ಪರದೆ ಮನೆಯಿಂದಾಚೆ ಹೋಗಿರಲಿಲ್ಲ.

ಮಂಗಳವಾರ ಪಂಚನಾಮೆಗೆ ಮನೆಗೆ ಹೋದರು. ಫ್ರಿಜ್ಜಿಗೂ ಅಡುಗೆಮನೆಯ ಬಾಗಿಲಿಗೂ ನಡುವೆ ತುರುಕಿದ ಮೇಜು, ಅದರ ಕಾಲಿಗೆ ಕಟ್ಟಿದ ಮಗುವಿನ ಉಯ್ಯಾಲೆಯ ಹಗ್ಗ. ಗಂಡಸರು ಕೆಲಸಕ್ಕೆ ಹೋಗಿದ್ದರು. ಅತ್ತೆ ಹೊಸಿಲ ಮೇಲೇ ತಡೆದಳು.

"ಮನೇಲಿ ಕೂತು ದುಡೀತೀನಿ ಅಂದ್ಲು, ಮನೆಗೇ ಠಾಣೆ ತಂದ್ಲು. ಬೀದಿಯೋರು ಕಿಟಕಿಗೆ ಅಂಟ್ಕೊಂಡಿದ್ದಾರೆ ನೋಡಿ. ಹೊಟ್ಟೆ ತಣ್ಣಗಾಯ್ತೇನಮ್ಮಾ?"

"ಅತ್ತೆ, ಸುಮ್ನಿರಿ."

"ನಾನ್ಯಾಕೆ ಸುಮ್ನಿರಲಿ? ಪೆಟ್ಟಿಗೆ ಕುಟ್ಟೋದು ನೀನು, ಪಾತ್ರೆ ತಿಕ್ಕೋದು ಅವಳು."

ಅವಳು ಎಂದರೆ ವಾರಗಿತ್ತಿ, ಮನೆಯ ಹಿರಿಸೊಸೆ. ನೀರಿನ ಲೋಟಗಳನ್ನು ಇಟ್ಟು ಒಳಗೆ ಹೋದಳು. ಹೆಡ್ ಕಾನ್‌ಸ್ಟೇಬಲ್ ಮೇಜಿನ ಅಳತೆ ಬರೆದುಕೊಳ್ಳುತ್ತಿದ್ದಾಗ ಡಿಸೈನರ್‌ಳ ಫೋನ್ ಬಡಿದುಕೊಂಡಿತು. ಕೆಲಸ ಬಿಡಲು ಹೊರಟಿದ್ದ ಇನ್ನೊಬ್ಬ ಗಿರಾಕಿ. ಅವಳು ಕಣ್ಣೊರೆಸಿಕೊಂಡು ದನಿಯಲ್ಲಿ ನಗು ತುಂಬಿಕೊಂಡಳು.

"ಇಲ್ಲ ಸಾರ್, ಪೂರ್ತಿ ಪರೀಕ್ಷೆ ಮಾಡಿಸಿಯೇ ಕೊಡ್ತೀನಿ. ನಮ್ಮನೇಲಿ ಒಬ್ಬರಿದ್ದಾರೆ, ಅವರಿಗೆ ಒಂದೂ ತಿಳಿಯಲ್ಲ. ಅವರಿಗೆ ಅರ್ಥ ಆದ್ರೆ ಲೋಕಕ್ಕೆಲ್ಲ ಅರ್ಥ ಆದ ಹಾಗೆ!"

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಇನ್ಸ್‌ಪೆಕ್ಟರ್ ಆ ಕಡೆ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಅಲ್ಲೇ ಇತ್ತು.

ಬುಧವಾರ ಮಧ್ಯಾಹ್ನ ಕಂಪನಿಯ ಉತ್ತರ ಬಂತು. ಬಾಗಿಲು ಮುರಿದವರು ಯಾರೂ ಇಲ್ಲ. ಮೊದಲ ಸಲಕ್ಕೇ ಸರಿಯಾದ ಪಾಸ್‌ವರ್ಡ್ ಒತ್ತಿದ್ದರು, ಅದೂ ಆ ಮನೆಯ ಇಂಟರ್ನೆಟ್‌ನಿಂದಲೇ. ಇನ್ಸ್‌ಪೆಕ್ಟರ್ ಮತ್ತೆ ಹೋದಾಗ ಡಿಸೈನರ್ ಬಚ್ಚಲುಮನೆಯಿಂದ ಒದ್ದೆ ಕೈಯಲ್ಲೇ ಬಂದಳು.

"ಮಗುವಿಗೆ ಸ್ನಾನ ಮಾಡಿಸ್ತಾ ಇರ್ತೀರಿ. ಆಗಲೇ ಗಿರಾಕಿ ಫೋಟೋ ಬದಲಾಯಿಸಿ ಅಂತಾರೆ. ಏನು ಮಾಡ್ತೀರಿ?"

"ಅಕ್ಕನಿಗೆ ಪಾಸ್‌ವರ್ಡ್ ಕೂಗಿ ಹೇಳ್ತೀನಿ, ಅವರೇ ತೆರೆದು..." ಮಾತು ಅಲ್ಲೇ ಕಚ್ಚಿಕೊಂಡಿತು. "ಆದ್ರೆ ಅವರಿಗೇನು ತಿಳಿಯುತ್ತೆ ಮೇಡಂ?"

"ಕಂದು ಬಣ್ಣ ಹಾಕು ಅಂದಿದ್ದು ಯಾರು?"

ಡಿಸೈನರ್ ಅಡುಗೆಮನೆಯ ಬಾಗಿಲನ್ನು ನೋಡಿದಳು. ವಾರಗಿತ್ತಿ ಸೆರಗಿಗೆ ಕೈ ಒರೆಸುತ್ತ ಆಗಲೇ ಅಲ್ಲಿ ನಿಂತಿದ್ದಳು.

"ನಾನೇ ಅಂದಿದ್ದು. ಬರೆದಿದ್ದೂ ನಾನೇ, ಇವಳ ಪೆಟ್ಟಿಗೆಯಿಂದಲೇ ಗಿರಾಕಿಗಳಿಗೆ ಕಳಿಸಿದ್ದೂ ನಾನೇ."

"ಅಕ್ಕಾ! ಉಂಡ ಮನೆಗೆ ಎರಡು ಬಗೆದ್ರಲ್ಲ!"

"ಉಂಡ ಮನೆಯಲ್ಲ ಕಣೇ, ಬಡಿಸಿದ ಮನೆ. ನೀನು ಮಾಡಿದ ಪುಟವನ್ನೆಲ್ಲ ಮೊದಲು ನೋಡಿದವಳು ನಾನು. ಈ ಅಕ್ಷರ ಚಿಕ್ಕದು ಅಂದೆ, ನೀನು ದೊಡ್ಡದು ಮಾಡಿದೆ. ಬೆಲೆ ಮೇಲೆ ಬರಲಿ ಅಂದೆ, ಮೇಲೆ ತಂದೆ. ಫೋನ್ ಎತ್ತಿದ ತಕ್ಷಣ, 'ಒಂದೂ ತಿಳಿಯದೋರು ಒಬ್ಬರಿದ್ದಾರೆ.'"

"ತಮಾಷೆಗೆ ಅಂತಿದ್ದೆ!"

"ನಗ್ತಿದ್ದವರು ನೀನೂ ನಿನ್ನ ಗಿರಾಕಿಗಳೂ. ನಾನು ಯಾವತ್ತು ನಕ್ಕೆ?"

ಅತ್ತೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಮನೆ ಜಗಳ. ಇವಳು ದೂರು ವಾಪಸ್ ತಗೊಳ್ತಾಳೆ, ನೀವು ಹೊರಡಿ."

"ತಗೊಳ್ಳಲ್ಲ," ಎಂದಳು ಡಿಸೈನರ್, ಕಡ್ಡಿ ಮುರಿದಂತೆ. "ಒಬ್ಬ ಗಿರಾಕಿನೂ ಉಳಿದಿಲ್ಲ."

"ತಗೊಂಡರೂ ಅಂಗಡಿ ಮಾಲೀಕರ ದೂರು ಇದ್ದೇ ಇದೆ," ಎಂದು ಇನ್ಸ್‌ಪೆಕ್ಟರ್ ಹೇಳಿ, ವಾರಗಿತ್ತಿ ಒಲೆ ಆರಿಸಿ ಚಪ್ಪಲಿ ಹಾಕಿಕೊಳ್ಳುವವರೆಗೂ ಕಾದಳು. ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಹೇಳಿಕೆಯನ್ನು ಟೈಪು ಮಾಡತೊಡಗಿದ.

"ಉದ್ಯೋಗ? ಮನೆಗೆಲಸ ಅಂತ ಹಾಕ್ಲಾ ಅಮ್ಮಾ?"

ಅವಳು ಬೇಡವೆಂದು ತಲೆಯಾಡಿಸಿದಳು. "ಪುಟ ನೋಡೋ ಕೆಲಸ."

"ಅದೂ ಒಂದು ಕೆಲಸಾನಾ?"

"ಅವರು ಹೇಳಿದ ಹಾಗೇ ಹಾಕಿ," ಎಂದಳು ಇನ್ಸ್‌ಪೆಕ್ಟರ್.

ಹೊರಗಿನ ಬೆಂಚಿನಿಂದ ಡಿಸೈನರ್‌ಳ ದನಿ ಕೇಳಿಸುತ್ತಿತ್ತು. ಬಿಟ್ಟುಹೋದ ಯಾರನ್ನೋ ಒಲಿಸಿಕೊಳ್ಳುತ್ತಿದ್ದಳು. "ಪೂರ್ತಿ ಪರೀಕ್ಷೆ ಮಾಡಿಸಿಯೇ ಕೊಡ್ತೀನಿ ಸಾರ್, ನಮ್ಮನೇಲಿ ಒಬ್ಬರು..." ಅಷ್ಟಕ್ಕೇ ನಿಂತಳು.

ಒಳಗೆ ವಾರಗಿತ್ತಿ ಹೇಳಿಕೆಯನ್ನು ಓದುತ್ತಿದ್ದಳು, ಸಾಲಿನ ಕೆಳಗೆ ಬೆರಳಿಟ್ಟು, ಒಂದು ಪದವನ್ನೂ ಬಿಡದೆ. ನಡುವೆ ಒಂದು ಕಡೆ ಬೆರಳು ನಿಂತಿತು.

"ಈ ಸಾಲು ಅರ್ಥ ಆಗಲ್ಲ."

ಹೆಡ್ ಕಾನ್‌ಸ್ಟೇಬಲ್ ನಗಲು ಬಾಯಿ ತೆರೆದ. ಇನ್ಸ್‌ಪೆಕ್ಟರ್ ಹಾಳೆ ಎತ್ತಿಕೊಂಡು ಆ ಸಾಲನ್ನು ಓದಿದಳು. ಇಷ್ಟು ವರ್ಷ ಪ್ರತಿ ಹೇಳಿಕೆಯಲ್ಲೂ ತಾನು ಸಹಿ ಹಾಕುತ್ತ ಬಂದಿದ್ದ ಸಾಲು ಅದು. ಇನ್ನೊಮ್ಮೆ ಓದಿದಳು.

"ಹೌದು," ಎಂದು ಹಾಳೆಯನ್ನು ಅವನ ಮುಂದಿಟ್ಟಳು. "ಬೇರೆ ಬರೀರಿ."