ಎರಡನೇ ತಿರುವಿನ ಬ್ರೇಕು

ಕಬ್ಬಿಣದ ರಾಡು ನನ್ನ ಲಾರಿಯ ಕನ್ನಡಿಗೆ ಬಿತ್ತು. ಗಾಜು ಮಡಿಲಿಗೆ ಸುರಿಯಿತು.

ಹಿಂದೆ ಕರಿ ಸ್ಕಾರ್ಪಿಯೋ. ಮುಂದೆ ಕಬ್ಬಿನ ಟ್ರಾಕ್ಟರು, ಅದಕ್ಕೆ ಎರಡು ಟ್ರೇಲರು. ಎದುರಿನಿಂದ ಒಂದರ ಹಿಂದೆ ಒಂದು ಬಸ್ಸು. ಕಬ್ಬು ಅರೆಯುವ ಕಾಲದಲ್ಲಿ ಕೆ.ಆರ್. ಪೇಟೆ ರಸ್ತೆ ಹೀಗೇ... ಜೀವ ಉಳಿಸಿಕೊಂಡು ಓಡುವವನೂ ಸಾಲಿನಲ್ಲಿ ಬರಬೇಕು.

"ಖಾಲಾ, ಇಳ್ದು ಬತ್ತಾವ್ರೆ. ಬಾಗ್ಲು ಕೀಳ್ತಾರೆ," ಎಂದ ಸುಭಾನ್. ಪಕ್ಕದ ಸೀಟಿನ ಕೆಳಗೆ ಮಂಡಿ ಮಡಚಿ ಕೂತಿದ್ದ. ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹುಡುಗ.

"ಕಾಣ್ತಾ ಅದೆ. ತಲೆ ತಗ್ಸು."

ನಾನು ಹೆದರುವವಳಲ್ಲ, ಸಾರ್. ಶ್ರೀರಂಗಪಟ್ಟಣದಲ್ಲಿ ಮೆಹನಾಜ್ ಎಂದರೆ ಯಾರನ್ನಾದರೂ ಕೇಳಿ. ಟೋಯಿಂಗ್ ಲಾರಿ ನನ್ನದು, ಮೇಲೆ ಕ್ರೇನು. ಹೆದ್ದಾರಿಯಲ್ಲಿ ಬಿದ್ದದ್ದನ್ನು ಎತ್ತುತ್ತೇನೆ. ಸ್ಟೇಷನ್ನಿಗೆ ಹೋಗಲಾಗದ ತಂಟೆಗಳಿದ್ದರೆ ಅವನ್ನೂ ಎತ್ತುತ್ತೇನೆ. ಗಂಡ ಜಫರ್ ಸತ್ತ ಮೇಲೆ ಇದೇ ನನ್ನ ಕಸುಬು.

ಆದರೆ ಅವತ್ತು ಹೆದರಿದೆ. ನನಗಾಗಿ ಅಲ್ಲ.

ಬೆಳಿಗ್ಗೆಯಿಂದ ಹೇಳುತ್ತೇನೆ, ಕೇಳಿ.

ಪಾಂಡವಪುರದ ರವೀಂದ್ರ ನನ್ನನ್ನು ಕರೆಸಿದ್ದ. ಜಲ್ಲಿ ಕ್ರಷರ್ ಮಾಲೀಕ. ಬಿಳಿ ಶರ್ಟು, ಬಿಳಿ ಕಾರು, ಸುತ್ತ ಬಿಳಿ ಧೂಳು. ಅವನ ಮಗ ಕಿಶನ್ ರೇಸ್ ಕಾರು ಓಡಿಸುತ್ತಾನೆಂದು ತಾಲ್ಲೂಕಿಗೆಲ್ಲ ಗೊತ್ತು. ಮೊದಲು ಗೋ-ಕಾರ್ಟು. ಆಮೇಲೆ ಒಬ್ಬನೇ ಕೂರುವ, ಚಕ್ರ ಹೊರಗೆ ಕಾಣುವ ಸಣ್ಣ ಕಾರು. ಹೋದ ವರ್ಷ ಫಾರ್ಮುಲಾ ಫೋರ್. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದ. ಈಗ ಯೂರೋಪಿನ ತಂಡವೊಂದು ಚೆನ್ನೈ ಕಡೆಯ ಟ್ರ್ಯಾಕಿನಲ್ಲಿ ಅವನಿಗೆ ಪರೀಕ್ಷೆ ಇಟ್ಟಿತ್ತು. ಬರುವ ಭಾನುವಾರ. ಪಾಸಾದರೆ ವಿಮಾನ ಹತ್ತುತ್ತಾನೆ, ಇಲ್ಲವಾದರೆ ಜಲ್ಲಿ ಮಾರುತ್ತಾನೆ.

ನನ್ನನ್ನು ಕರೆಸಿದ್ದು ಬೇರೆ ಕೆಲಸಕ್ಕೆ. ಕ್ರಷರ್‌ನಲ್ಲಿ ಟಿಪ್ಪರ್ ಓಡಿಸುವ ಸುಭಾನ್ ಡೀಸೆಲ್ ಕದ್ದು ಓಡಿಹೋಗಿದ್ದಾನೆ, ಹುಡುಕಿಕೊಡು ಅಂದ. ಮೈಮೇಲೆ ಒಂದು ಗೀರು ಕೂಡ ಆಗಬಾರದು ಅಂದ.

ಡೀಸೆಲ್ ಕಳ್ಳನ ಮೈ ಬಗ್ಗೆ ಅಷ್ಟು ಕಾಳಜಿ ಯಾಕೆ? ನನಗೆ ಅಲ್ಲೇ ಅನುಮಾನ ಬಂತು.

ಟೀ ಕುಡಿಯುವಾಗ ಫೋನಿನಲ್ಲಿ ಮಗನ ವಿಡಿಯೋ ತೋರಿಸಿದ. ಕಾರಿಗೇ ಕಟ್ಟಿದ ಕ್ಯಾಮೆರಾ. ರೇಸು ಮುಗಿದಿದೆ, ಹುಡುಗ ಗೆದ್ದಿದ್ದಾನೆ, ನಿಧಾನವಾಗಿ ವಾಪಸು ಬರುತ್ತಿದ್ದಾನೆ. ಒಂದು ಕಡೆ ಕೆಟ್ಟ ಕಾರೊಂದು ಅಡ್ಡ ನಿಂತಿತ್ತು. ಹೆಲ್ಮೆಟ್ ಹಾಕಿದವನು ಬಲಗೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ಮೆಲ್ಲಗೆ ತಟ್ಟಿದ.

ಲೋಟ ಕೆಳಗಿಟ್ಟು ಆ ಕೈಯನ್ನೇ ನೋಡಿದೆ.

ಅದು ರೇಸಿನವರ ಸನ್ನೆ ಅಲ್ಲ, ಸಾರ್. ಕಬ್ಬಿನ ಲಾರಿಯವರದು. ಮುಂದೆ ಗಾಡಿ ಮಗುಚಿದೆ, ಹಿಂದಿನವನೇ ನಿಧಾನ ಮಾಡು ಎನ್ನುವ ಕೈ ಅದು. ಜಫರ್ ಹಾಗೆ ತಟ್ಟುತ್ತಿದ್ದ. ಅವನ ಪಕ್ಕ ಕೂತು ಲಾರಿ ಕಲಿತವರೆಲ್ಲ ಹಾಗೇ ತಟ್ಟುತ್ತಾರೆ, ತಾವು ತಟ್ಟಿದ್ದು ಅವರಿಗೇ ಗೊತ್ತಾಗುವುದಿಲ್ಲ. ಕಿಶನ್ ಎ.ಸಿ. ಕಾರಿನ ಗಾಜು ಇಳಿಸಿ ಕೈ ಹೊರಗೆ ಹಾಕಿದವನಲ್ಲ.

ಸುಭಾನ್ ಲಾರಿ ಕಲಿತದ್ದು ಜಫರ್ ಹತ್ತಿರ.

ನಾನು ಮುಖ ಬದಲಿಸಲಿಲ್ಲ. ಹುಡುಕಿ ಕೊಡುತ್ತೇನೆ ಎಂದು ಎದ್ದುಬಂದೆ.

ಓಡಿಹೋದ ಡ್ರೈವರು ಡ್ರೈವರುಗಳ ನಡುವೆಯೇ ಅಡಗುತ್ತಾನೆ. ಮಾಕವಳ್ಳಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಲಾರಿಗಳು ಸಾಲು ನಿಂತಿದ್ದವು. ಒಂದರ ಕೆಳಗೆ ಸುಭಾನ್ ಗೋಣಿ ಹಾಸಿಕೊಂಡು ಮಲಗಿದ್ದ. ವಿಡಿಯೋದ ಕೈ ನಿಂದಲ್ವೇನೋ ಎಂದು ನೇರವಾಗಿ ಕೇಳಿದೆ. ಅಳಲು ಶುರುಮಾಡಿದ. ಆಮೇಲೆ ಎಲ್ಲ ಹೇಳಿದ.

ಕಿಶನ್‌ಗೆ ವೇಗ ಅಂದರೆ ಭಯ. ಅವನಿಗೆ ಒಮ್ಮೆ ಜ್ವರ ಬಂದಾಗ ಸುಭಾನ್ ಅವನ ಕಾರ್ಟು ಓಡಿಸಿದ್ದ. ರವೀಂದ್ರ ನಿಂತು ನೋಡಿದ. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ಹೆಲ್ಮೆಟ್ ಹಾಕಿದರೆ ಯಾರು ಯಾರೆಂದು ಹೆತ್ತವರಿಗೂ ತಿಳಿಯದು. ಅಲ್ಲಿಂದ ಪ್ರತಿ ರೇಸೂ ಓಡಿಸಿದ್ದು ಸುಭಾನ್. ಗೆದ್ದ ಮೇಲೆ ಹೆಲ್ಮೆಟ್ ಕಳಚದೆ, ರೇಸ್ ನಿಯಮದ ತೂಕಕ್ಕೆ ನಿಂತು, ತಂಡದ ಕಂಟೇನರ್ ಒಳಗೆ ಹೋಗುತ್ತಿದ್ದ. ಹೊರಗೆ ಬರುತ್ತಿದ್ದವನು ಕಿಶನ್. ಹಾರ, ಟ್ರೋಫಿ, ಫೋಟೊ ಎಲ್ಲ ಅವನಿಗೆ.

ಮುಂದಿನ ಮೆಟ್ಟಿಲು ನಿನ್ನ ಹೆಸರಲ್ಲೇ ಎಂದು ರವೀಂದ್ರ ಪ್ರತಿ ಮೆಟ್ಟಿಲಲ್ಲೂ ಹೇಳಿದ್ದನಂತೆ. ಈ ಸಲ ಹುಡುಗ ಹಟ ಹಿಡಿದ. ಡೀಸೆಲ್ ಶೆಡ್ಡಿನಲ್ಲಿ ಕೂಡಿಹಾಕಿದರು. ತಗಡು ಕಿತ್ತು ಓಡಿಬಂದಿದ್ದ.

"ಒಂದೇ ಒಂದು ಸಲ, ಖಾಲಾ. ಗೆದ್ದೋರ ಬೋರ್ಡ್ ಮ್ಯಾಲೆ ನನ್ನೆಸ್ರು ಬರ್ಲಿ. ಸುಭಾನ್ ಅಂತ."

ಅಷ್ಟೇ ಅವನಿಗೆ ಬೇಕಾದದ್ದು. ಲಾರಿ ಹತ್ತು ಅಂದೆ. ನಾಗಮಂಗಲದ ಮೇಲೆ ಬೆಂಗಳೂರು, ಅಲ್ಲಿ ರೇಸ್ ನಡೆಸುವವರ ಆಫೀಸು. ಆ ಸನ್ನೆ ಎಲ್ಲ ವಿಡಿಯೋದಲ್ಲೂ ಇದ್ದೇ ಇರುತ್ತದೆ. ಅದನ್ನು ತೋರಿಸಿ, ಇಬ್ಬರನ್ನೂ ಒಂದೊಂದು ಸುತ್ತು ಓಡಿಸಿ ನೋಡಿ ಎಂದರೆ ಮುಗಿಯಿತು.

ಆದರೆ ರವೀಂದ್ರ ನನ್ನ ಹಿಂದೆಯೇ ಸ್ಕಾರ್ಪಿಯೋ ಬಿಟ್ಟಿದ್ದ. ಎಷ್ಟಾದರೂ ವ್ಯಾಪಾರಸ್ಥ.

ರಾಡು ಎರಡನೇ ಸಲ ಬಾಗಿಲಿಗೆ ಬಿತ್ತು.

"ಸ್ಟೇರಿಂಗ್ ನಂಗ್ ಕೊಡಿ, ಖಾಲಾ."

ಕೊಟ್ಟೆ. ನಾನು ಪಕ್ಕಕ್ಕೆ ಜಾರಿದೆ, ಅವನು ನನ್ನ ಮೇಲಿಂದ ಹತ್ತಿ ಕೂತ. ಬಸ್ಸಿಗೂ ಟ್ರೇಲರಿಗೂ ನಡುವೆ ನುಗ್ಗಿಸುತ್ತಾನೆ, ನನ್ನ ಕತೆ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

ಅವನು ರಿವರ್ಸ್ ಹಾಕಿದ.

ಹಿಂದಕ್ಕೆ ಚಾಚಿದ್ದ ಕ್ರೇನು ಸ್ಕಾರ್ಪಿಯೋದ ಬಾನೆಟ್ಟಿಗೆ ಹೊಕ್ಕಿತು. ರೇಡಿಯೇಟರ್ ಒಡೆದು ಬಿಸಿನೀರು ಚಿಮ್ಮಿತು. ರಾಡಿನವನು ಹಾರಿ ಕಬ್ಬಿನ ಗದ್ದೆಗೆ ಬಿದ್ದ. ಸುಭಾನ್ ಗೇರು ಬದಲಿಸಿ, ಬಸ್ಸು ದಾಟುವ ತನಕ ಕಾದು, ಇಂಡಿಕೇಟರ್ ಹಾಕಿ ಟ್ರಾಕ್ಟರನ್ನು ಹಿಂದೆ ಹಾಕಿದ.

ನನಗೆ ನಗು ತಡೆಯಲಿಲ್ಲ. ಅವನೂ ನಕ್ಕ. ನಾಗಮಂಗಲದ ತನಕ ಇಬ್ಬರೂ ನಗುತ್ತಲೇ ಹೋದೆವು.

ಅಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೂತಾಗ ರವೀಂದ್ರನ ಫೋನು ಬಂತು. ದನಿ ಏರಿಸಲಿಲ್ಲ.

"ಮೆಹನಾಜಮ್ಮ, ನಮ್ ಐಕ್ಳು ಆ ಐದ ಸುಭಾನನ ಮನೇಲವ್ರೆ. ಅವ್ರಮ್ಮ ಮೆಹಬೂಬ್ ಬೀ ಟೀ ಕಾಯ್ಸಿ ಕೊಟ್ಟವ್ಳೆ. ಎಷ್ಟೊತ್ತು ಮರ್ಯಾದೆಯಾಗಿ ಕುಂತಿರ್ತಾರೋ ನಂಗೊತ್ತಿಲ್ಲ."

ಸುಭಾನ್ ನನ್ನ ಮುಖ ನೋಡಿಯೇ ತಿಳಿದುಕೊಂಡ. ತಿಂಡಿ ಬಿಟ್ಟು ಎದ್ದ. ಲಾರಿ ತಿರುಗಿಸೋಣ ಅಂದ. ಅಮ್ಮನ ಮುಂದೆ ಹೆಸರು ಏನು ಮಹಾ? ನಾನೂ ವಾದಿಸಲಿಲ್ಲ.

ಬಿಲ್ಲು ಕೊಡುವಷ್ಟರಲ್ಲಿ ಸುಭಾನ್ ಫೋನು ಹೊಡೆದುಕೊಂಡಿತು. ಅವನು ಮತ್ತೆ ಕೂತು ಸ್ಪೀಕರಿಗೆ ಹಾಕಿದ. ಕಿಶನ್.

"ಲೇ ಸುಭಾನು, ನೀನು ಬರ್‌ಬ್ಯಾಡ ಕಣ್ಲಾ. ನಿಮ್ಮನೆಯಿಂದ ಐಕ್ಳು ಎದ್ದೋದ್ರು. ಅವ್ರನ್ನ ವಾಪಸ್ ಕರೀದಿದ್ರೆ ಎಲ್ಲಾರ್ ಮುಂದೆ ನಿಜ ಏಳ್ತೀನಿ ಅಂದೆ ಅಪ್ಪಂಗೆ. ಅಂಗಾರೆ ಭಾನುವಾರ ನೀನೇ ಓಡ್ಸು ಅಂತು ಅಪ್ಪ. ಊಂ ಅಂದೆ."

ಆ ಕಡೆಯಿಂದ ಹುಡುಗ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಈ ಪರೀಕ್ಷೆ ಒಂದು ಮುಗಿಯಲಿ, ಆಮೇಲೆ ತಾನೇ ಜೊತೆಗೆ ಬಂದು, ಗೆದ್ದದ್ದೆಲ್ಲ ಸುಭಾನ್ ಎಂದು ಆಫೀಸಿನಲ್ಲಿ ಬಾಯಿಬಿಟ್ಟು ಹೇಳುತ್ತೇನೆ ಅಂದ. ಅಲ್ಲಿತನಕ ಸುಮ್ಮನಿರು ಅಂದ.

ಆಮೇಲೆ ಒಂದು ಮಾತು ಕೇಳಿದ.

"ಎರಡ್ನೇ ತಿರುವಲ್ಲಿ ಎಲ್ಲಿ ಬ್ರೇಕ್ ಇಡೀತೀಯ, ಏಳ್ಲಾ."

ಸುಭಾನ್ ಕಣ್ಣು ಮುಚ್ಚಿದ. ಮೇಜಿನ ಕೆಳಗೆ ಅವನ ಕಾಲು ಇಲ್ಲದ ಬ್ರೇಕನ್ನು ಒತ್ತಿದ್ದನ್ನು ನಾನು ನೋಡಿದೆ.

"ತಿರುವಿಗೆ ಐವತ್ ಮೀಟ್ರು ಅನ್ನೋ ಬೋರ್ಡ್ ದಾಟುದ್ ಮ್ಯಾಲೆ. ಆದ್ರೆ ನೀನು ಮುಂಚೆನೇ ಇಡಿ. ನೂರರ ಬೋರ್ಡ್ಗೇ ಇಡಿ."

"ಅಲ್ಲಿ ಇಡುದ್ರೆ ನಿನ್ ಟೈಮ್ ಬರಾಕಿಲ್ವಲ್ಲ."

"ಬರ್ದಿದ್ರೆ ಬ್ಯಾಡ ಬುಡು. ಮುಂಚೆನೇ ಇಡಿ, ನಿನ್ ದಮ್ಮಯ್ಯ."

ಕಿಶನ್ ಫೋನ್ ಇಟ್ಟ.

ಅವತ್ತೇ ಬೆಂಗಳೂರಿಗೆ ಹೋಗಿಬಿಡಬೇಕಿತ್ತು ಅನ್ನುತ್ತೀರಿ. ಅಲ್ಲಿತನಕ ಹೆದರಿಕೊಂಡೇ ಬದುಕಿದ ಹುಡುಗ ಮೊದಲ ಸಲ ಅಪ್ಪನಿಗೆ ಎದುರು ನಿಂತಿದ್ದ, ಸಾರ್. ಅವನ ಮಾತು ನಂಬಬೇಕು ಅನ್ನಿಸಿತು. ನಂಬಿ ಶ್ರೀರಂಗಪಟ್ಟಣಕ್ಕೆ ವಾಪಸು ಬಂದೆವು.

ಭಾನುವಾರ ಮಧ್ಯಾಹ್ನ ಸುದ್ದಿ ಬಂತು.

ಮೊದಲು ಕಿಶನ್ ನೂರರ ಬೋರ್ಡಿಗೇ ಬ್ರೇಕ್ ಹಿಡಿಯುತ್ತಿದ್ದನಂತೆ. ಯೂರೋಪಿನವರು ಗಡಿಯಾರ ನೋಡಿ ತಲೆ ಅಲ್ಲಾಡಿಸಿದರು. ರವೀಂದ್ರ ರೇಡಿಯೋ ಕಿತ್ತುಕೊಂಡು ಮಗನಿಗೆ ಏನೋ ಬೈದ. ಮುಂದಿನ ಸುತ್ತಿನಲ್ಲಿ ಹುಡುಗ ನೂರು ದಾಟಿಸಿದ. ಐವತ್ತೂ ದಾಟಿಸಿದ. ಕಾರು ತಿರುಗಲಿಲ್ಲ.

ಪ್ರಾಣ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ.

ಸುಭಾನ್ ನನ್ನ ಶೆಡ್ಡಿನ ಮೂಲೆಯಲ್ಲಿ ಟಯರಿನ ಮೇಲೆ ಕೂತಿದ್ದ. ಊಟ ಬೇಡ, ನೀರು ಬೇಡ.

"ಜಾಗ ಏಳ್ಬಾರ್ದಾಗಿತ್ತು, ಖಾಲಾ," ಅಂದ. ಅಷ್ಟೇ.

ವಾರ ಕಳೆದ ಮೇಲೆ ನಾನೇ ಮಾತು ತೆಗೆದೆ. ಕಿಶನ್ ಬರಲಾರ, ಸರಿ. ವಿಡಿಯೋಗಳು ಎಲ್ಲೂ ಹೋಗಿಲ್ಲ, ನಿನ್ನ ಕೈ ಅದರಲ್ಲಿದೆ, ಹೊರಡು ಅಂದೆ. ಅವನು ಸ್ಪ್ಯಾನರ್ ಒರೆಸುತ್ತಲೇ ಇದ್ದ.

"ಕಾಲ್ ಓಗವೆ ಅವಂಗೆ. ಈಗ ಎಸ್ರೂ ಕಿತ್ಕೊಳ್ಳಾನಾ?"

ಅವನ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು.

ರವೀಂದ್ರ ಪಾಂಡವಪುರ ಸರ್ಕಲ್ಲಿನಲ್ಲಿ ಎರಡಾಳೆತ್ತರದ ಫ್ಲೆಕ್ಸ್ ಕಟ್ಟಿಸಿದ. 'ವೇಗದ ರಾಜ ಕಿಶನ್ ಬೇಗ ಗುಣಮುಖರಾಗಲಿ.' ಕೆಳಗೆ ಗೆದ್ದ ರೇಸುಗಳ ಹೆಸರು. ಮೇಲೆ ಹೆಲ್ಮೆಟ್ ಹಾಕಿ ಕಾರಿನಲ್ಲಿ ಕೂತಿರುವ ದೊಡ್ಡ ಫೋಟೊ. ಕೂತಿರುವವನು ಸುಭಾನ್. ಊರಲ್ಲಿ ಅದು ಗೊತ್ತಿದ್ದದ್ದು ನನಗೆ, ಅವನಿಗೆ, ಆ ಅಪ್ಪ ಮಗನಿಗೆ.

ಈಗ ನನ್ನ ಲಾರಿ ಓಡಿಸುವವನು ಅವನೇ. ಎಷ್ಟು ನಿಧಾನ ಅಂದರೆ, ಎಮ್ಮೆಗಳೂ ದಾರಿ ಬಿಡುವುದಿಲ್ಲ.

ಹೋದ ತಿಂಗಳು ಗಾಳಿಗೆ ಫ್ಲೆಕ್ಸ್ ವಾಲಿತು. ಇಳಿಸಲು ಪುರಸಭೆಯವರು ನಮ್ಮ ಕ್ರೇನನ್ನೇ ಕರೆದರು. ಸುಭಾನ್ ಒಬ್ಬನೇ ಹೋಗಿ, ಹಗ್ಗ ಬಿಚ್ಚಿ, ಇಳಿಸಿ, ಮಡಚಿ ತಂದ. ನಮ್ಮ ಶೆಡ್ಡಿನ ಮೂಲೆ ಸೋರುತ್ತಿತ್ತು. ಅಲ್ಲಿಗೆ ಹೊದಿಸಿದ್ದೇವೆ.

ಒಳ್ಳೆ ಮಾಲು, ಸಾರ್. ವೇಗದ ರಾಜನ ಕೆಳಗೆ ಒಂದು ಹನಿ ಬೀಳುವುದಿಲ್ಲ.