ಎಡಗಿವಿಗೆ ಕೇಳಿಸದ ಹಾಡು

"ಈ ಮುದುಕರು ಈಗ ಬೆಣ್ಣಿ ಮಾರಾಕ ಕುಂತಾರ ಬಿಡ್ರಿ!"

ಕೊಟ್ಟೂರು ಬಸ್ಸಿನಲ್ಲಿ ಪಕ್ಕದ ಸೀಟಿನವನು ಸಮತಾಳ ಮೊಬೈಲಿಗೆ ಇಣುಕಿ ಹೀಗಂದಾಗ ಅವಳಿಗೆ ಮೈಯೆಲ್ಲ ಉರಿಯಿತು.

ವರ್ಷಗಟ್ಟಲೆ ಹಲಗೆ ಬಡಿದು ಅಬ್ಬರಿಸಿದ್ದ ರಾಕ್ ತಂಡ 'ಕಲ್ಲುಗಾಳಿ' ಈಗ 'ಮೆಲ್ಲಗೆ' ಎಂಬ ಮೃದುವಾದ ಆಲ್ಬಂ ತಂದಿತ್ತು. ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಅದರದೇ ಜಗಳ.

"ನೀವು ಕೇಳೀರೇನು?"

"ಇಲ್ಲ... ಗ್ರೂಪ್‌ನ್ಯಾಗ ಎಲ್ಲಾರೂ ಅಂತಾರ."

"ಮಂದಿ ಕಿವೀಲೆ ಕೇಳ್ತೀರಾ? ತಗೋರಿ!" ಎಡಗಿವಿಯ ಇಯರ್‌ಫೋನ್ ಕಿತ್ತು ಅವನ ಕೈಗಿಟ್ಟಳು.

ಅವನು ಭೀಮರಾಜ, ಐಟಿಐ ಮೇಷ್ಟ್ರು. ಅವಳು ಲ್ಯಾಬ್ ಟೆಕ್ನಿಷಿಯನ್. ಇಬ್ಬರೂ ದಿನಾ ಹಗರಿಬೊಮ್ಮನಹಳ್ಳಿಯಲ್ಲೇ ಬಸ್ಸು ಹತ್ತುವವರು. ಅಂದಿನಿಂದ ಬಲಗಿವಿ ಅವಳದು, ಎಡಗಿವಿ ಅವನದು.

"ಹಲಗಿ ಎಲ್ಲೈತ್ರಿ? ಸಿಟ್ಟೆಲ್ಲೈತಿ?" ಅಂತ ಅವನು.

"ಇಷ್ಟು ಛಲೋ ಬಡ್ದಾರ, ನಿಮಗ ಕೇಳವಲ್ದಾ?" ಅಂತ ಅವಳು.

ಕಂಡಕ್ಟರ್ ನಾಗಲಿಂಗಮ್ಮ ನಗುತ್ತಿದ್ದಳು. "ಮನ್ಯಾಗ ಗಂಡ ಹೆಂಡ್ತಿನೂ ಇಷ್ಟು ಕಿತ್ತಾಡಂಗಿಲ್ರಿ!"

ಸಮತಾಳ ಕೆನ್ನೆ ಕೆಂಪಾಗುತ್ತಿತ್ತು...

ಒಂದು ಶುಕ್ರವಾರ ಅವನು ಮೆಲ್ಲಗೆ ಅಂದ. "ಸೋಮವಾರದಿಂದ ನನಗ ಹಡಗಲಿಗೆ ವರ್ಗ ಮಾಡ್ಯಾರ. ನಾಳೆ ಒಂದ ದಿನ ಈ ಬಸ್ಸು."

ಹೋಗಬೇಡಿ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿಲ್ಲ. ನಾಲ್ಕನೆಯ ಹಾಡು ಹಾಕಿದಳು. ಅದರ ಕೊನೆಯಲ್ಲಿ ಒಂದು ಹೆಣ್ಣುದನಿ ಬರುತ್ತದೆ: *ಇಳಿಯಬೇಡ, ಇನ್ನಷ್ಟು ದೂರ ಜೊತೆಗಿರು.*

"ಕಡಿಗೆ ಏನ್ ಬರತೈತೋ, ಅದಾ ನನ್ನ ಮಾತು," ಎಂದಳು ತಲೆ ತಗ್ಗಿಸಿ.

ಅವನು ಕಣ್ಣುಮುಚ್ಚಿ ಕೇಳಿದ. ಹಾಡು ಮುಗಿಯಿತು.

"ಏನೂ ಇಲ್ಲಲ್ರಿ ಅದರಾಗ!"

ಏನೂ ಇಲ್ಲವೇ? ಇಷ್ಟು ಹೇಳಿದರೂ... ಏನೂ ಇಲ್ಲವೇ?

ಅವಳು ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಶನಿವಾರ ಅವನ ಪಕ್ಕದ ಸೀಟು ಖಾಲಿಯೇ ಇತ್ತು. ಅವಳು ಹಿಂದೆ ಹೋಗಿ ಕೂತಳು. ಎರಡೂ ಕಿವಿಗೆ ಸಿಕ್ಕಿಸಿ ಅದೇ ಹಾಡು ಹಾಕಿದಳು... ಅಳಲಿಕ್ಕೆ.

ಬಸ್ಸು ತಗ್ಗಿಗೆ ಇಳಿದು ಎಗರಿತು. ಬಲಗಿವಿಯದು ಜಾರಿ ಬಿತ್ತು.

ಹೆಣ್ಣುದನಿ ಮಾಯ! ಹಲಗೆಯೂ ಇಲ್ಲ! ಎಡಗಿವಿಯಲ್ಲಿ ಬರೀ ನುಣ್ಣನೆಯ ಕೀಬೋರ್ಡು... ಅವೆರಡೂ ಬಲಗಿವಿಯ ಕಡೆಗಷ್ಟೇ ಬರುತ್ತಿದ್ದವು!

ಅಯ್ಯೋ! ಇಷ್ಟು ದಿನ ನಾನು ಇವನಿಗೆ ಅರ್ಧ ಹಾಡಷ್ಟೇ ಕೊಟ್ಟೆನಾ?

ಕಂಬಿ ಹಿಡಿದು ತೂರಾಡುತ್ತ ಮುಂದೆ ಬಂದು ಅವನ ಪಕ್ಕ ಕೂತಳು.

"ಇವತ್ತು ಇದನ್ನ ಹಾಕ್ಕೋರಿ." ಬಲಗಿವಿಯದನ್ನು ಕೊಟ್ಟಳು.

ಹಾಡು ಶುರುವಾಯಿತು. ಅವನ ಹುಬ್ಬು ಮೇಲೇರಿತು. "ಹಲಗಿ!" ಅಂದ. ಹಾಡಿನ ಕೊನೆಗೆ ನಿಧಾನವಾಗಿ ಅವಳ ಕಡೆ ತಿರುಗಿದ.

"ಇಲ್ಲಿ... ಒಬ್ಬಾಕಿ ಅದಾಳ!"

"ಮೊದಲಿಂದ ಅದಾಳ."

"ಜೊತಿಗಿರು ಅಂತಾಳ."

"ಹ್ಞೂಂ..."

ಅವನ ಕಣ್ಣು ತುಂಬಿತು. "ಇರ್ತೀನಿ ಸಮತಾ. ಹಡಗಲಿ ಏನು ದೂರ? ನಾಳೆ ಭಾನುವಾರನ ನಮ್ಮವ್ವನ್ನ ನಿಮ್ಮನಿಗೆ ಕರ್ಕೊಂಡು ಬರ್ತೀನಿ."

ಸಮತಾ ಅಳುತ್ತಲೇ ನಕ್ಕಳು. ಆಮೇಲೆ ಏನೋ ನೆನಪಾಗಿ ಅವನನ್ನು ದುರುಗುಟ್ಟಿ ನೋಡಿದಳು.

"ಅಲ್ರೀ, ಹಿಡಿಸದ ಆಲ್ಬಂ ದಿನಾ ಯಾಕ್ ಕೇಳ್ತಿದ್ರಿ?"

ಭೀಮರಾಜ ಇಬ್ಬರ ನಡುವಿನ ವೈರನ್ನು ಬೆರಳಿಗೆ ಸುತ್ತಿಕೊಂಡ.

"ಇದು ಭಾಳ ಗಿಡ್ಡ ಐತಲ್ಲ... ಹತ್ರ ಕುಂದ್ರಬೇಕಾಗ್ತಿತ್ತು."