ಅರ್ಧ ಬರೆದ ಕಾರಣ

"ಇಲ್ಲಿ ಜೇನು ಅಂದ್ರೆ ಯಾರು?"

ಆ ದನಿಗೆ ಆರನೇ ಮಹಡಿಯ ಕಾಲ್ ಸೆಂಟರಿನ ಅಷ್ಟೂ ಹೆಡ್‌ಫೋನುಗಳು ಒಮ್ಮೆಲೇ ಮೌನವಾದವು. ಬಾಗಿಲಲ್ಲಿ ನಿಂತವನು ಬಾಗಿಲಿಗಿಂತ ಎರಡೇ ಬೆರಳು ಗಿಡ್ಡ. ಹೆಗಲಲ್ಲಿ ಖಾಲಿ ಚೀಲ, ಮುಖದ ತುಂಬ ರಸ್ತೆಯ ಧೂಳು.

ಮೂಲೆಯ ಮೇಜಿನ ಹುಡುಗಿ ತಲೆಯೆತ್ತಿದಳು. ಟಿವಿ ಸಂಪರ್ಕ ಬೇಡವೆಂದು ಫೋನ್ ಮಾಡುವವರ ಮನಸ್ಸು ತಿರುಗಿಸುವುದು ಅವಳ ಕೆಲಸ. ದನಿ ಸಿಹಿಯೆಂದು ಜೊತೆಯವರು ಇಟ್ಟ ಹೆಸರು ಜೇನು.

"ನಾನೇ. ಏನೀಗ?" ಎಂದು ಎದ್ದು ನಿಂತಳು.

ಅವಳ ಮುಖ ನೋಡಿದ್ದೇ ಅವನು ಒಂದು ಕ್ಷಣ ತಡವರಿಸಿದ. ಏನೋ ನೆನಪಾದವನ ಹಾಗೆ... ಮರುಕ್ಷಣ ಖಾಲಿ ಚೀಲವನ್ನು ಅವಳ ಮೇಜಿನ ಮೇಲೆ ಕೊಡವಿದ.

"ಇವತ್ತು ಟಿವಿ ಬೇಡ ಅಂದವರ ಸೆಟ್‌ಟಾಪ್ ಬಾಕ್ಸ್ ವಾಪಸ್ ತರೋಕೆ ಮೂರು ಮನೆಗೆ ಹೋದೆ. ಊರಿನ ಈ ತುದಿಯಿಂದ ಆ ತುದಿ! ಮೂರೂ ಕಡೆ ಒಂದೇ ಮಾತು. 'ನಿಮ್ಮ ಮೇಡಂ ಈಗಷ್ಟೇ ಫೋನ್ ಮಾಡಿದ್ರು, ಟಿವಿ ಇರಲಿ ಬಿಡಿ.' ಬಾಕ್ಸ್ ತಂದ್ರೆ ಮಾತ್ರ ನನಗೆ ಪೆಟ್ರೋಲ್ ಕೊಡೋದು, ಗೊತ್ತಾ ನಿಮಗೆ?"

"ಗಿರಾಕಿ ಉಳಿದ್ರೆ ಮಾತ್ರ ನನಗೆ ಕೆಲಸ ಉಳಿಯೋದು, ಗೊತ್ತಾ ನಿಮಗೆ?"

ಇಬ್ಬರೂ ದುರುಗುಟ್ಟಿಕೊಂಡು ನಿಂತರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಉಳಿಸ್ಕೊಳ್ಳಿ, ಬೇಡ ಅನ್ನಲ್ಲ. ನಾನು ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಉಳಿಸ್ಕೊಳ್ಳಿ!"

ಹೇಳಿದವನೇ ಹೊರಟುಹೋದ. ಎಲ್ಲರೂ ಅವನನ್ನು ಏಣಿ ಎನ್ನುತ್ತಾರೆಂದು ಅವಳಿಗೆ ಆಮೇಲೆ ತಿಳಿಯಿತು.

'ಏಣಿಯಂತೆ! ಮೂಗಿನ ತುದೀಲಿ ಕೋಪ!' ಎಂದು ಗೊಣಗಿಕೊಂಡಳು. ಆದರೆ ಅವನ ಮಾತಿನಲ್ಲಿ ನ್ಯಾಯವಿತ್ತು. ಮಾರನೆಯ ಬೆಳಿಗ್ಗೆ ಅವನು ಹೊರಡುವ ಮೊದಲೇ ಮೆಸೇಜ್ ಕಳಿಸಿದಳು.

"ಇವತ್ತಿನ ಪಟ್ಟೀಲಿ ನಾಲ್ಕನೇ ಮನೆಗೆ ಹೋಗಬೇಡಿ. ಮನಸ್ಸು ಬದಲಾಯಿಸಿದ್ದಾರೆ."

"ಬದುಕಿಸಿದ್ರಿ," ಎಂದು ಉತ್ತರ ಬಂತು.

ಅಲ್ಲಿಂದ ದಿನಾ ಬೆಳಿಗ್ಗೆ ಒಂದು ಮೆಸೇಜ್. ಮೊದಮೊದಲು ಬರೀ ಮನೆಗಳ ಪಟ್ಟಿ. ಆಮೇಲೆ, 'ತಿಂಡಿ ಆಯ್ತಾ?' ಸಂಜೆ ಫೋನಿನ ಮಾತೂ ಶುರುವಾದ ಮೇಲೆ, 'ನಿನ್ನೆ ಯಾಕೆ ದನಿ ಸೋತಿತ್ತು?' ಅವನ ಉತ್ತರ ಎರಡು ನಿಮಿಷ ತಡವಾದರೂ ಅವಳಿಗೆ ಏನೋ ಕಸಿವಿಸಿ...

ಪೆಟ್ರೋಲ್ ಬೆಲೆ ಆ ವರ್ಷ ಮೂರನೇ ಸಲ ಏರಿತ್ತು. ಫೋನಿನಲ್ಲಿ ಎಲ್ಲರದೂ ಒಂದೇ ರಾಗ. "ಸ್ಕೂಟರ್ ಓಡಿಸ್ಲಾ, ಟಿವಿ ನೋಡ್ಲಾ? ನೀನೇ ಹೇಳಮ್ಮ!"

ಅವಳ ಉತ್ತರ ಬಾಯಿಪಾಠ. "ಪೆಟ್ರೋಲ್ ದುಬಾರಿ ಅಂತ ಈಗ ಹೊರಗಿನ ತಿರುಗಾಟ ಕಮ್ಮಿ ಅಲ್ವಾ ಸರ್? ಮನೇಲಿ ಕೂತು ಹೊತ್ತು ಕಳೆಯೋಕೆ ಏನಾದ್ರೂ ಬೇಕಲ್ಲ. ನಮ್ಮ ಮನೇಲೂ ಇದೇ ಪ್ಯಾಕ್."

ಆ ಕೊನೆಯ ಮಾತು ಶುದ್ಧ ಸುಳ್ಳು!

ಅವಳ ಅಪ್ಪ ನಿವೃತ್ತ ಬಸ್ ಡ್ರೈವರ್. ಎರಡು ತಿಂಗಳ ಹಿಂದೆ ತಾವೇ ಟಿವಿಯ ತಂತಿ ಕಿತ್ತಿದ್ದರು. "ನಿನ್ನ ಸ್ಕೂಟರ್ ನಿಂತ್ರೆ ಸಂಬಳ ನಿಲ್ಲುತ್ತೆ. ಟಿವಿ ನಿಂತ್ರೆ ಏನು ನಿಲ್ಲುತ್ತೆ?" ಎಂದು ನಕ್ಕಿದ್ದರು. ಈಗ ಸಂಜೆಯಾದರೆ ಅಡುಗೆಮನೆಯ ಗೋಡೆಗೆ ಕುರ್ಚಿ ಎಳೆದುಕೊಂಡು, ಪಕ್ಕದ ಮನೆಯ ಟಿವಿಯಲ್ಲಿ ಬರುವ ಪಂದ್ಯವನ್ನು ಕಿವಿಯಲ್ಲೇ ನೋಡುತ್ತಿದ್ದರು.

ಆರನೇ ಮಹಡಿಯವರ ಮನೆಯಲ್ಲಿ ಕಂಪನಿಯ ಸಂಪರ್ಕ ಇರಲೇಬೇಕು ಎಂಬುದು ನಿಯಮ. ಗೊತ್ತಾದರೆ ಕೆಲಸ ಹೋದಂತೆಯೇ. ಸಂಪರ್ಕ ಅಪ್ಪನ ಹೆಸರಲ್ಲಿತ್ತು, ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದಳು. ಆದರೂ ಪ್ರತಿ ಕರೆಯಲ್ಲೂ ಆ ಸುಳ್ಳನ್ನು ಅವಸರದಲ್ಲಿ ಹೇಳಿ ಮುಗಿಸುತ್ತಿದ್ದಳು.

ಅಂಥದ್ದರಲ್ಲಿ ಮ್ಯಾನೇಜರ್ ಬಂದು ಗುಡುಗಿದರು. "ಈ ವಾರ ಅತಿ ಹೆಚ್ಚು ಗಿರಾಕಿ ಕಳ್ಕೊಂಡ ಇಬ್ಬರು ಮುಂದಿನ ವಾರ ಇಲ್ಲಿರಲ್ಲ!"

ಪಟ್ಟಿಯಲ್ಲಿ ಅವಳು ಕೆಳಗಿನಿಂದ ಮೂರನೆಯವಳು. ಇನ್ನೊಂದು ಗಿರಾಕಿ ಹೋದರೆ ಅವಳದೇ ಸರದಿ.

ಆಗಲೇ ಆ ಕರೆ ಬಂತು. ನಿವೃತ್ತ ಹೊಲಿಗೆ ಟೀಚರ್ ಒಬ್ಬರು. ಒಂಟಿ ಹೆಂಗಸು, ಹನ್ನೆರಡು ವರ್ಷದ ಗಿರಾಕಿ.

"ಇಲ್ಲಮ್ಮ, ಬೇಡ. ರಿಪೇರಿಗೆ ಬಂದಿದ್ದ ನಿಮ್ಮ ಉದ್ದನೆ ಹುಡುಗನೇ ಹೇಳಿದ, ಟಿವಿ ತೆಗೆಸಿಬಿಡಿ ಅಂತ."

ಟೀಚರಮ್ಮ ಇನ್ನೂ ಏನೋ ಹೇಳುತ್ತಲೇ ಇದ್ದರು. ಅವಳ ಕಿವಿ ಗುಂಯ್‌ಗುಟ್ಟುತ್ತಿತ್ತು.

'ಅವನಾ? ನಾನು ಅವನ ಪೆಟ್ರೋಲ್ ಉಳಿಸ್ತಾ ಕೂತಿದ್ರೆ, ಅವನು ನನ್ನ ಗಿರಾಕೀನ ಓಡಿಸ್ತಾನಾ? ಬಾಕ್ಸ್ ಸಿಗುತ್ತೆ ಅಂತ...?'

ಪರದೆಯ ಮೇಲೆ 'ರದ್ದತಿಗೆ ಕಾರಣ' ಎಂಬ ಖಾಲಿ ಜಾಗ ಮಿನುಗುತ್ತಿತ್ತು. ಸರಸರನೆ ಟೈಪ್ ಮಾಡಿದಳು. 'ನಮ್ಮ ತಂತ್ರಜ್ಞನೇ ತೆಗೆಸಲು ಹೇಳಿದ್ದು.'

ಮಧ್ಯಾಹ್ನಕ್ಕೆಲ್ಲ ಅವನ ಗುರುತಿನ ಚೀಟಿ ಕಿತ್ತುಕೊಂಡಿದ್ದರು. ನಾಳೆ ಹನ್ನೊಂದಕ್ಕೆ ವಿಚಾರಣೆ.

ಅವನ ಮೆಸೇಜ್ ಬಂತು. "ನೀವು ಬರೆದದ್ದಾ?"

"ಹೌದು. ನೀವು ಹಾಗೆ ಹೇಳಿದ್ದು ನಿಜ ತಾನೆ?"

"ನಿಜ."

ಅಷ್ಟೇ. ಒಂದು ಸಮರ್ಥನೆ ಇಲ್ಲ, ಒಂದು ಬೈಗುಳ ಇಲ್ಲ... ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು!

ಸಂಜೆ ಅಪ್ಪ ಅವಳ ಮುಖ ನೋಡಿಯೇ ಕೇಳಿದರು. "ಯಾಕೆ ಮಗಳೇ, ಹಡಗು ಮುಳುಗಿದವಳ ಹಾಗೆ ಕೂತಿದ್ದೀಯ?"

ಅವಳು ಎಲ್ಲವನ್ನೂ ಹೇಳಿದಳು. ಅಪ್ಪ ಗೋಡೆಯ ಕಡೆಯಿಂದ ಕುರ್ಚಿ ತಿರುಗಿಸಿಕೊಂಡರು. ಆಮೇಲೆ ನಿಧಾನವಾಗಿ ಅಂದರು. "ಉದ್ದಕ್ಕಿದ್ದಾನಾ? ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಾನಾ?"

"ನಿಮಗೆ ಹೇಗಪ್ಪ ಗೊತ್ತು?"

"ನಮ್ಮನೆ ಬಾಕ್ಸ್ ತಗೊಂಡು ಹೋದವನೇ ಅವನು ಕಣೇ. ಗೋಡೆ ಮೇಲೆ ನಿನ್ನ ಫೋಟೋ ನೋಡಿದ, ಕೊರಳಲ್ಲಿ ಕಂಪನಿ ಪಟ್ಟಿ ಇತ್ತಲ್ಲ. 'ಸರ್, ಇದು ಗೊತ್ತಾದ್ರೆ ಅವರ ಕೆಲಸಕ್ಕೆ ಕುತ್ತು. ಬಾಕ್ಸ್ ಕೆಟ್ಟಿದೆ, ಬದಲಿ ಕೊಡಬೇಕು ಅಂತ ಬರ್ಕೊಳ್ತೀನಿ, ಅಲ್ಲೀವರೆಗೆ ಬಿಲ್ ಬರಲ್ಲ. ನಾನು ಹೇಳಿದ್ದು ಅವರಿಗೂ ಹೇಳಬೇಡಿ, ಮುಜುಗರ ಆಗುತ್ತೆ' ಅಂದ."

ಅವಳು ಗೋಡೆಯ ಫೋಟೋದ ಕಡೆ ತಿರುಗಿದಳು.

ಮೊದಲ ದಿನ ಅವನು ತಡವರಿಸಿದ್ದು ಅದಕ್ಕಾ? 'ನಮ್ಮ ಮನೇಲೂ ಇದೇ ಪ್ಯಾಕ್' ಎಂದು ಅವನಿಗೂ ಎಷ್ಟು ಸಲ ಹೇಳಿದ್ದೆ! ಎಲ್ಲ ಗೊತ್ತಿದ್ದೂ ಸುಮ್ಮನೆ ನಕ್ಕಿದ್ದನಲ್ಲ... ಇವತ್ತು ಅವನ ಕೈಯಲ್ಲಿ ನನ್ನ ಜುಟ್ಟು ಇತ್ತು. ಒಂದೇ ಮಾತು ಸಾಕಿತ್ತು. ಅವನು ಆಡಲಿಲ್ಲ!

ಮಾರನೆಯ ದಿನ ಹನ್ನೊಂದು ಗಂಟೆ. ಗಾಜಿನ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿದ್ದರು. ಮ್ಯಾನೇಜರ್ ಟೀಚರಮ್ಮನ ಕರೆಯ ಧ್ವನಿಮುದ್ರಣದ ಮೊದಲ ವಾಕ್ಯ ಕೇಳಿಸಿ ನಿಲ್ಲಿಸಿದರು. "ಏನ್ ಹೇಳ್ತೀರಿ?"

"ಹೇಳಿದ್ದು ನಾನೇ," ಎಂದ ಏಣಿ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

"ಸರ್, ನಿಲ್ಲಿಸಬೇಡಿ," ಎಂದಳು ಅವಳು. "ಪೂರ್ತಿ ಕೇಳಿಸಿ. ನಿನ್ನೆ ನಾನೂ ಪೂರ್ತಿ ಕೇಳಲಿಲ್ಲ."

ಮ್ಯಾನೇಜರ್ ಹುಬ್ಬು ಗಂಟಿಕ್ಕಿ ಗುಂಡಿ ಒತ್ತಿದರು. ಟೀಚರಮ್ಮನ ದನಿ ಕೋಣೆ ತುಂಬಿತು.

"...ಮೊದಲು ಚಿಕ್ಕ ಪ್ಯಾಕ್ ತಗೊಳ್ಳಿ ಅಂದ ಪಾಪ. ನಾನೇ ಹೇಳ್ದೆ, ಮಗಳು ವಾರ ವಾರ ಕಾರಲ್ಲಿ ಬರ್ತಿದ್ಳಪ್ಪ, ಈಗ ಪೆಟ್ರೋಲ್ ಬೆಲೆಗೆ ಹೆದರಿ ತಿಂಗಳಿಗೊಂದು ಸಲ ಬಂದ್ರೆ ಹೆಚ್ಚು. ಒಂಟಿತನಕ್ಕೆ ಈ ಟಿವಿ ಹಾಕ್ಕೊಂಡು ಕೂರ್ತೀನಿ ಅಂತ. ಅದಕ್ಕೆ ಅವನು, ಹಾಗಾದ್ರೆ ಇದನ್ನ ತೆಗೆಸಿಬಿಡಿ ಅಮ್ಮ, ಆ ದುಡ್ಡು ಮಗಳ ಪೆಟ್ರೋಲಿಗೆ ಕೊಡಿ. ಟಿವೀಲಿ ಯಾರದೋ ಮಗಳು ಅಳೋದು ನೋಡೋದಕ್ಕಿಂತ ನಿಮ್ಮ ಮಗಳು ನಗೋದು ನೋಡಿ ಅಂದ..."

ಧ್ವನಿಮುದ್ರಣ ಅಲ್ಲಿಗೆ ಮುಗಿಯಿತು.

"ಆದ್ರೂ ಹೇಳಿದ್ದು ಹೇಳಿದ್ದೇ!" ಮ್ಯಾನೇಜರ್ ಮೇಜು ಕುಟ್ಟಿದರು. "ಕಂಪನಿ ಅನ್ನ ತಿಂದು..."

"ಹಾಗಾದ್ರೆ ನನ್ನನ್ನೂ ತೆಗೀಬೇಕಾಗುತ್ತೆ ಸರ್."

ಏಣಿ ಬೆಚ್ಚಿ ತಲೆಯೆತ್ತಿದ. 'ಬೇಡ' ಎನ್ನುವಂತೆ ಕಣ್ಣಲ್ಲೇ ಬೇಡಿಕೊಂಡ.

ಅವಳು ನಿಲ್ಲಲಿಲ್ಲ. "ನಮ್ಮ ಮನೇಲಿ ಟಿವಿ ನಿಂತು ಎರಡು ತಿಂಗಳಾಯ್ತು. ಸ್ಕೂಟರ್ ಪೆಟ್ರೋಲಿಗೆ ಅಂತ ನಮ್ಮಪ್ಪ ತೆಗೆಸಿದ್ರು. ಅದು ಇವರಿಗೆ ಗೊತ್ತಿತ್ತು. ನನ್ನ ಕೆಲಸ ಹೋಗಬಾರದು ಅಂತ ಮುಚ್ಚಿಟ್ರು. ನಾನು ಇವರ ಮೇಲೆ ಅರ್ಧ ಕಾರಣ ಬರೆದೆ. ತಪ್ಪು ನಂದು."

ಮ್ಯಾನೇಜರ್ ಬಾಗಿಲ ಕಡೆ ಕೈ ತೋರಿಸಿದರು. "ಹೊರಗೆ ಕೂತಿರಿ," ಎಂದು ಫೋನ್ ಎತ್ತಿಕೊಂಡರು.

ಹೊರಗೆ ಒಂದೇ ಬೆಂಚು. ಗಾಜಿನಾಚೆ ಮ್ಯಾನೇಜರ್ ಕೈಯಾಡಿಸುತ್ತ ಮಾತಾಡುತ್ತಿದ್ದರು, ಒಂದಕ್ಷರವೂ ಕೇಳುತ್ತಿರಲಿಲ್ಲ.

"ಯಾಕೆ ಹೇಳಿದ್ರಿ?" ಅವನ ದನಿಯಲ್ಲಿ ಸಿಟ್ಟಿತ್ತು. "ಒಬ್ಬರ ಕೆಲಸ ಹೋದ್ರೆ ಸಾಕಿತ್ತಲ್ಲ! ಅಪ್ಪನ್ನ ಯಾರು ನೋಡ್ಕೊಳ್ತಾರೆ?"

"ನೀವ್ಯಾಕೆ ಹೇಳಲಿಲ್ಲ? ನಾನು ನಿಮಗೆ ಅಷ್ಟು ಅನ್ಯಾಯ ಮಾಡಿದ ಮೇಲೂ...?"

ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಕೂತ.

"ಬೆಳಿಗ್ಗೆ ನಿಮ್ಮ ಮೆಸೇಜ್ ಬರೋವರೆಗೂ ನಾನು ಗಾಡಿ ಸ್ಟಾರ್ಟ್ ಮಾಡ್ತಿರಲಿಲ್ಲ. ಪೆಟ್ರೋಲಿಗೋಸ್ಕರ ಅಂದ್ಕೊಂಡಿದ್ದೆ. ಪಟ್ಟಿ ಇಲ್ಲದ ಭಾನುವಾರವೂ ಕಾಯ್ತಾ ಕೂತಾಗ ಗೊತ್ತಾಯ್ತು... ಪೆಟ್ರೋಲಿಗಲ್ಲ."

ಅವಳ ಕಣ್ಣು ತುಂಬಿ ಬಂತು. "ಇದನ್ನ ಹೇಳೋಕೆ ಇವತ್ತೇ ಆಗಬೇಕಿತ್ತಾ?"

"ನಾಳೆ ನಾವಿಬ್ರೂ ಇಲ್ಲಿರ್ತೀವೋ ಇಲ್ವೋ!"

ಬಾಗಿಲು ತೆರೆಯಿತು. ಇಬ್ಬರೂ ಎದ್ದು ನಿಂತರು.

"ಅವನಿಗೆ ಎಚ್ಚರಿಕೆ ಪತ್ರ. ಇನ್ನು ಯಾರ ಮನೆಗೂ ಹೋಗೋ ಹಾಗಿಲ್ಲ, ಕೆಳಗೆ ರಿಪೇರಿ ಕೋಣೇಲಿ ಕೆಲಸ." ಮ್ಯಾನೇಜರ್ ಅವಳ ಕಡೆ ತಿರುಗಿದರು. "ನೀವು ದೂರು ವಿಭಾಗಕ್ಕೆ. ಬೋನಸ್ ಇರಲ್ಲ." ಬಾಗಿಲು ಮುಚ್ಚುವಾಗ ಒಂದು ಕ್ಷಣ ತಡೆದರು. "ಮೇಲಿನವರನ್ನ ಇಷ್ಟಕ್ಕೇ ಒಪ್ಪಿಸೋದರಲ್ಲಿ ಸಾಕುಸಾಕಾಯ್ತು ನನಗೆ."

ಇಬ್ಬರೂ ಮೆಟ್ಟಿಲಿಳಿಯತೊಡಗಿದರು. ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು, ಬಿಡಲಿಲ್ಲ.

"ಕೇಳಿದ್ರಲ್ಲ, ಯಾರ ಮನೆಗೂ ಹೋಗೋ ಹಾಗಿಲ್ಲವಂತೆ ನಾನು."

"ನಮ್ಮ ಮನೆಗೂ?"

ಅವನ ಹೆಜ್ಜೆ ನಿಂತಿತು. "ಏನು ನೆಪ ಹೇಳ್ಕೊಂಡು ಬರಲಿ?"

"ನೆಪ ಬೇಡ. ಸುಮ್ನೆ ಬನ್ನಿ."

"ಅಪ್ಪ, 'ಇವನು ನಿನಗೆ ಏನಾಗ್ಬೇಕಮ್ಮ' ಅಂತ ಕೇಳಿದ್ರೆ?"

ಅವಳು ಕೆಳಗಿನ ಮೆಟ್ಟಿಲಲ್ಲಿ ನಿಂತು, ಕತ್ತೆತ್ತಿ, ಅವನ ಕಣ್ಣನ್ನೇ ನೋಡಿದಳು.

"ನನ್ನವರು ಅಂತೀನಿ."